ಪಡುಗೋಡೆಯ ಕೆಂಪು

ಎರ್ಮಿನಿಯಾಳ ಮನೆ ಸೊನೋರಾ ಸೀಮೆಯ ಕಾಬೋರ್ಕಾ ಊರಿನ ಕೊನೆಯ ಬೀದಿಯಲ್ಲಿತ್ತು. ಅದರಾಚೆ ಬರೀ ಮರುಭೂಮಿ. ಬೇಸಿಗೆಯಲ್ಲಿ ಹೊತ್ತು ತಿರುಗಿತೆಂದರೆ ಬಿಸಿಲು ಯಾರ ಅಡ್ಡಿಯೂ ಇಲ್ಲದೆ ನೇರ ಬಂದು ಅವಳ ಪಡುಗೋಡೆಯ ಮೇಲೆ ಕೂರುತ್ತಿತ್ತು. ಆ ಗೋಡೆಗೆ ತಿಳಿಬಣ್ಣ ಬಳಿದರೆ ಆರೇಳು ವರ್ಷ ಬಾಳುತ್ತಿತ್ತು. ಕೆಂಪು ಬಳಿದರೆ ಮೂರನೆಯ ಬೇಸಿಗೆಗೇ ಸೋತು, ಮುಟ್ಟಿದ ಬೆರಳಿಗೆ ಪುಡಿಯಾಗಿ ಅಂಟುತ್ತಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಮಾತು. ಆದರೂ ಎರ್ಮಿನಿಯಾ ಮೊದಲ ಸಲವೊಂದನ್ನು ಬಿಟ್ಟು ಪ್ರತಿಸಲವೂ ಕೆಂಪನ್ನೇ ಆರಿಸುತ್ತಿದ್ದಳು.

ಅವಳು ಮುಂಗೈ ಮೇಲೆ ಹರಡಿ ಹರಡಿ ಸೆರಗಿನಷ್ಟು ಅಗಲ ಮಾಡುವ ತೆಳು ಗೋಧಿರೊಟ್ಟಿಗೆ ಊರಲ್ಲಿ ಹೆಸರಿತ್ತು. ಅದೇ ಅವಳ ಬದುಕು. ಮದುವೆಯ ಮಾತು ಬಂದಾಗಲೆಲ್ಲ ಅವ್ವನ ಕಾಯಿಲೆ ಅಡ್ಡಬಂತು. ಅವ್ವ ಹೋದ ಮೇಲೆ ಆ ಮಾತೇ ಬರಲಿಲ್ಲ. ಅವ್ವ ಹೋಗಿ ವರ್ಷ ತುಂಬಿದ ಮೇಲೆ ಮನೆಗೆ ಬಣ್ಣ ಹೊಡೆಸೋಣವೆಂದು ಆಲ್ತಾರ್ ಊರಿನ ನೆಮೆಸಿಯೊನನ್ನು ಕರೆಸಿದ್ದಳು. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಾತು ಕಡಿಮೆ, ಕೈ ನಿಧಾನ. ಊಟಕ್ಕೆ ಮುಂಚೆ ಉಗುರಿನ ಸಂದಿಯ ಬಣ್ಣವೆಲ್ಲ ಹೋಗುವವರೆಗೂ ಕೈ ಉಜ್ಜುತ್ತಿದ್ದ. ಒಣಮಾಂಸ, ಹುರುಳಿ, ರೊಟ್ಟಿ, ಏನು ಬಡಿಸಿದರೂ ಕಣ್ಣು ಮುಚ್ಚಿ ಮೊದಲ ತುತ್ತು ತಿನ್ನುತ್ತಿದ್ದ. ಸಂಜೆ ಏಣಿ ಇಳಿದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೋನ್ಯಾ ಎರ್ಮಿನಿಯಾ, ಒಂಚೂರು ಹೊರಗೆ ಬನ್ನಿ. ನೋಡಿ, ಹಿಡಿಸ್ತಾ ಹೇಳಿ" ಎನ್ನುತ್ತಿದ್ದ. ಹಿಡಿಸಿತೇ ಎಂದು ಅವಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಕೆಲಸ ಮುಗಿಸಿ ಅವನ ಹಳೆಯ ಪಿಕಪ್ಪು ಬೀದಿ ತಿರುಗಿದಾಗ ಅವಳಿಗೆ ಅನ್ನಿಸಿದ್ದು ಒಂದೇ: ಇನ್ನು ಈತ ಬರುವುದು ಗೋಡೆ ಕೆಟ್ಟಾಗ.

ಮೊದಲ ಸಲದ ತಿಳಿಬಣ್ಣ ಕೊನೆಗೂ ಸೋತು, ಎರಡನೆಯ ಸಲ ಅವನು ಬಂದಾಗ ಅವಳು ಬಣ್ಣದ ಚೀಟಿಗಳಲ್ಲಿ ಅಚ್ಚ ಕೆಂಪಿನ ಮೇಲೆ ಬೆರಳಿಟ್ಟಳು.

"ಇದು ನಿಲ್ಲಲ್ಲ, ದೋನ್ಯಾ."

"ನನಗೆ ಇದೇ ಇಷ್ಟ, ದೊನ್ ನೆಮೆಸಿಯೊ."

ಅವನು ಕೆಂಪಿನ ಡಬ್ಬ ತೆರೆದ.

ಆಮೇಲೆ ಬೇಸಿಗೆಗಳು ಬಂದವು, ಹೋದವು. ಅವಳು ಬೆಳಿಗ್ಗೆ ಬಟ್ಟೆ ಒಣಹಾಕುವ ನೆಪದಲ್ಲಿ ಪಡುಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದಳು. ಪುಡಿ ಅಂಟಿದ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಆಲ್ತಾರಿಗೆ ಫೋನು ಮಾಡುತ್ತಿದ್ದಳು. ಎದುರುಮನೆಯ ಚಾಯೊ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಂದು ದಿನ ಕೇಳಿಯೇಬಿಟ್ಟಳು.

"ಅಲ್ಲ ಕಣೇ ಮಿನಿಯಾ, ಇಡೀ ಬೀದೀಲಿ ಸೂರ್ಯ ನಿನ್ನೊಬ್ಬಳ ಮನೆಗೇ ಹುಟ್ತಾನಾ? ನನ್ನ ಗೋಡೆ ನೋಡು, ನನ್ನ ಗಂಡನ ಥರ ಇದೆ. ಮಸುಕಾದ್ರೂ ಬಿದ್ದಿಲ್ಲ."

"ನಿನ್ನ ಬಾಯಿಗೆ ಒಂದು ಕೋಟ್ ಸುಣ್ಣ ಹೊಡೀಬೇಕು."

"ಹೊಡಿಸೇ, ಅವರನ್ನೇ ಕರೆಸಿ ಹೊಡಿಸು! ಅದಾದ್ರೂ ಒಂದು ನೆಪ ಆಗತ್ತೆ" ಎಂದು ಚಾಯೊ ನಕ್ಕಳು.

ಆದರೆ ಈಚೆಗಿನ ಕೆಂಪು ಯಾಕೋ ಹಟ ಹಿಡಿದಿತ್ತು. ಮೂರು ಬೇಸಿಗೆ ಕಳೆದರೂ ಅಂಗೈಗೆ ಏನೂ ಅಂಟಲಿಲ್ಲ. ನಾಲ್ಕನೆಯದೂ ಕಳೆಯಿತು. ಬಿಸಿಲನ್ನು ಊರೆಲ್ಲ ಬೈಯುತ್ತಿದ್ದರೆ ಇವಳು ಮನಸ್ಸಿನಲ್ಲೇ ಇನ್ನಷ್ಟು ಸುರಿ ಎನ್ನುತ್ತಿದ್ದಳು. ಚಳಿಗಾಲ ಮುಗಿಯುವ ಹೊತ್ತಿಗೆ ಕಿಟಕಿಯ ಕೆಳಗೆ ಒಂದಿಷ್ಟು ಪುಡಿ ಕಂಡಿತು. ಫೋನು ಮಾಡಿದಳು. ಎತ್ತಿದ್ದು ಅವನ ತಮ್ಮನ ಮಗ.

"ಚಿಕ್ಕಂದಿನಿಂದ ಏಣಿ ಹತ್ತಿದ ಮನುಷ್ಯ, ಅಂಗಳದಲ್ಲಿ ನಡೀತಾ ಬಿದ್ರು ನೋಡಿ. ಸೊಂಟ ಮುರೀತು. ಇನ್ನು ಕೆಲಸ ಇಲ್ಲ. ಈಸ್ಟರ್ ಆದ್ಮೇಲೆ ಮಗಳು ಬಂದು ಎನ್ಸೆನಾದಾಕ್ಕೆ ಕರ್ಕೊಂಡು ಹೋಗ್ತಾಳೆ. ಬೇರೆ ಪೇಂಟರ್ ನಂಬರ್ ಕೊಡ್ಲಾ?"

"ಬೇಡಪ್ಪ" ಎಂದಳು ಎರ್ಮಿನಿಯಾ. ಎನ್ಸೆನಾದಾ ಎಂದರೆ ಮರುಭೂಮಿಯೆಲ್ಲ ದಾಟಿ ಕಡಲತೀರ. ಆ ದಿನ ಹಿಟ್ಟು ಕಲಸಿದವಳು ಅದನ್ನು ಹಾಗೆಯೇ ಮುಚ್ಚಿಟ್ಟು ಮರೆತಳು.

ಮರುದಿನ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಆಲ್ತಾರಿನ ಬಸ್ಸು ಹತ್ತಿದಳು. ನೆಮೆಸಿಯೊ ಅಂಗಳದ ಮರದ ಕೆಳಗೆ ಕೋಲು ಹಿಡಿದು ಕೂತಿದ್ದ. ಇಳಿದುಹೋಗಿದ್ದ. ಅವಳನ್ನು ಕಂಡು ಏಳಲು ಹೋಗಿ, ಆಗದೆ, ನಾಚಿಕೊಂಡ.

"ಗೋಡೆ ಎಷ್ಟು ಬಾಳ್ತು?" ಅದೇ ಅವನ ಮೊದಲ ಮಾತು.

"ನಾಲ್ಕು ಬೇಸಿಗೆ. ಈಗ ಕಿಟಕಿ ಕೆಳಗೆ ಪುಡಿ."

"ನಾಲ್ಕೇನಾ? ಐದಾದ್ರೂ ಬರತ್ತೆ ಅನ್ಕೊಂಡಿದ್ದೆ. ನಿಮಗೆ ಹೇಳ್ದೆ ಎರಡು ಕೋಟ್ ಜಾಸ್ತಿ ಹೊಡೆದಿದ್ದೆ, ಮೇಲೆ ವಾರ್ನಿಷ್ ಬೇರೆ."

"ಯಾಕೆ ಹೊಡೆದ್ರಿ?"

"ರೊಟ್ಟಿ ತಟ್ಟಿ ಬದುಕೋರು ನೀವು. ನೀವು ದುಡಿದಿದ್ದೆಲ್ಲ ಗೋಡೆಗೇ ಹೋಗೋದು ಬೇಡ ಅಂತ."

ಎರ್ಮಿನಿಯಾಗೆ ಮೊದಲು ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿ, ರೊಟ್ಟಿಯ ಬಟ್ಟೆಯ ಅಂಚಿನಿಂದಲೇ ಒರೆಸಿಕೊಂಡಳು.

"ಯಾಕಮ್ಮಾ? ನಾನೇನು ತಪ್ಪು ಮಾಡ್ದೆ?"

"ಕೆಂಪು ಬೇಗ ಹೋಗತ್ತೆ ಅಂತಾನೇ ನಾನು ಕೆಂಪು ಹಾಕಿಸ್ತಿದ್ದೆ, ದೊನ್ ನೆಮೆಸಿಯೊ. ಗೋಡೆ ಕೆಟ್ರೆ ತಾನೆ ನೀವು ಬರೋದು."

ಅವನು ಕೋಲನ್ನು ಮರಕ್ಕೆ ಒರಗಿಸಿಟ್ಟು ಅವಳತ್ತ ತಿರುಗಿದ.

"ಅದನ್ನ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ನೀವು ಹೇಳಬಹುದಿತ್ತಲ್ಲ."

"ನನಗೆಲ್ಲಿ ಧೈರ್ಯ" ಎಂದ ನೆಮೆಸಿಯೊ. "ನಿಮ್ಮನೇಲಿ ಎರಡು ದಿನದ ಕೆಲಸಾನ ನಾಲ್ಕು ದಿನ ಮಾಡ್ತಿದ್ದೆ. ಅಷ್ಟೇ ನನ್ನ ಧೈರ್ಯ."

ಮಗಳು ರಮೋನಾ ತಂದೆಯನ್ನು ಕರೆದೊಯ್ಯಲು ಬಂದಾಗ ದಾರಿಯಲ್ಲಿ ಕಾಬೋರ್ಕಾದಲ್ಲಿ ನಿಲ್ಲಿಸಲೇಬೇಕೆಂದು ಅವನು ಹಟ ಹಿಡಿದ. ಬೆಳಗಿನ ಹೊತ್ತು, ಪಡುಗೋಡೆ ಇನ್ನೂ ನೆರಳಲ್ಲಿತ್ತು. ಎರ್ಮಿನಿಯಾ ಹಿಂದಿನ ದಿನವೇ ಗೋಡೆ ಉಜ್ಜಿ ತೊಳೆದು, ಒಣಹುಲ್ಲಿನಂಥ ತಿಳಿಬಣ್ಣ ತಂದಿಟ್ಟಿದ್ದಳು. ಅವನು ಕುರ್ಚಿಯಲ್ಲಿ ಕೂತು, ಕೈ ಎಟುಕುವಷ್ಟು ಎತ್ತರದವರೆಗೆ ಬ್ರಷ್ಷು ಆಡಿಸಿದ. ಅವಳು ಏಣಿ ಹತ್ತಿದಳು.

"ಹಂಗೆ ತಿಕ್ಕಬೇಡಿ, ಅದು ರೊಟ್ಟಿ ಹಿಟ್ಟಲ್ಲ. ಮೇಲಿಂದ ಕೆಳಕ್ಕೆ, ಒಂದೇ ಸಮ."

"ಕೂತು ಹೇಳೋರಿಗೇನು, ಸುಲಭ."

"ಅಪ್ಪಾ, ಬಿಸಿಲೇರ್ತಿದೆ, ಹೊರಡೋಣ" ಎಂದು ರಮೋನಾ ಒಳಗಿನಿಂದ ಕೂಗಿದಳು. ಬಾಯಿ ತುಂಬ ರೊಟ್ಟಿ ಇದ್ದದ್ದರಿಂದ ಅವಳ ಅವಸರದಲ್ಲಿ ಅಷ್ಟು ಬಿಗಿಯಿರಲಿಲ್ಲ. ಅವನ ಬಣ್ಣ ಮುಗಿದು ಅವಳದು ಶುರುವಾಗುವಲ್ಲಿ ಅಂಕುಡೊಂಕಾದ ಗುರುತು ಉಳಿಯಿತು. ಅದನ್ನು ಸರಿಮಾಡಲು ಹೊತ್ತಿರಲಿಲ್ಲ. ಅವಳಿಗೆ ಮನಸ್ಸೂ ಇರಲಿಲ್ಲ. ಕಾರು ಹತ್ತುವಾಗ ಅವನು ಅವಳ ಕೈ ಹಿಡಿದುಕೊಂಡ. ಇಬ್ಬರ ಕೈಗೂ ಬಣ್ಣ ಮೆತ್ತಿತ್ತು. ಈ ಸಲ ಅವನು ತೊಳೆದುಕೊಂಡಿರಲಿಲ್ಲ.

ಆಮೇಲೆ ಭಾನುವಾರಗಳಲ್ಲಿ ಫೋನು ಬರತೊಡಗಿತು. ಅಲ್ಲಿ ಉಪ್ಪುಗಾಳಿಗೆ ಮಗಳ ಮನೆಯ ಗೇಟು ತುಕ್ಕು ಹಿಡಿಯುತ್ತಿದೆ, ಮೀನಿನ ವಾಸನೆಗೆ ಊಟ ಸೇರುವುದಿಲ್ಲ, ಕಡಲು ಮಾತ್ರ ಚೆನ್ನಾಗಿದೆ ಎಂದು ಅವನು ಹೇಳುತ್ತಿದ್ದ. ಅವಳು ಕಡಲನ್ನು ಸರಿಯಾಗಿ ನೋಡಿರಲಿಲ್ಲ. ರಮೋನಾಳೇ ಒಂದು ದಿನ ಫೋನು ಕಿತ್ತುಕೊಂಡು, "ಬಂದ್ಬಿಡಿ ಅತ್ತೆ, ಇವರು ದಿನಾ ನನ್ನ ರೊಟ್ಟಿ ಸರಿಯಿಲ್ಲ ಅಂತಾರೆ, ನನಗೆ ಸಾಕಾಗಿದೆ" ಎಂದಳು.

ಎರ್ಮಿನಿಯಾ ಚಾಯೊಳ ಹತ್ತಿರ ಬಸ್ಸಿನ ವಿಚಾರ ಕೇಳಿದಳು. ಹಗಲಿಡೀ ಮರಳಲ್ಲೇ ದಾರಿ, ಈ ಉರಿಯಲ್ಲಿ ಹೋದರೆ ನೀನೇ ಒಣಮಾಂಸವಾಗುತ್ತೀಯ ಎಂದಳು ಚಾಯೊ. ಮುಂದಿನ ಭಾನುವಾರ ಎರ್ಮಿನಿಯಾ ಫೋನಿನಲ್ಲಿ, "ಬರ್ತೀನಿ. ಬಿಸಿಲು ಒಂಚೂರು ಇಳೀಲಿ" ಎಂದಳು.

ಆಗಿನ್ನೂ ಜೂನ್. ಆ ಮರುಭೂಮಿಯಲ್ಲಿ ಬಿಸಿಲು ಇಳಿಯುವುದು ಅಕ್ಟೋಬರಿಗೆ. ಅದು ಇಬ್ಬರಿಗೂ ಗೊತ್ತಿತ್ತು.

"ಅಲ್ಲೀವರೆಗೂ ಇರ್ತೀನಿ ಬಿಡಿ" ಎಂದ ನೆಮೆಸಿಯೊ.