ಒದ್ದರೆ ಹೊತ್ತುವ ದೀಪ

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅತ್ತೆ ಮಗುವಿನ ಗಾಲಿ ತೊಟ್ಟಿಲನ್ನು ತಮ್ಮ ಕೋಣೆಗೆ ಹಾಕಿಸಿಕೊಂಡರು. ನನಗೆ ಎಳವೆಯಲ್ಲೇ ಕಿವಿ ಹೋಗಿದೆ. "ಮಗು ಅತ್ರೆ ಇವಳಿಗೆ ಗೊತ್ತಾಗೋದಾದ್ರೂ ಹೇಗೋ?" ಎಂದು ಅವರು ಮಗನನ್ನು ಕೇಳಿದ್ದು ತುಟಿ ನೋಡಿಯೇ ತಿಳಿಯಿತು. ನನ್ನವರು ತಲೆ ಕೆರೆದುಕೊಂಡರು. ಹಾಲು ಕುಡಿಸುವ ಹೊತ್ತಿಗಷ್ಟೇ ನನ್ನ ಮಗಳು ನನ್ನ ಕೈಗೆ.

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಣ್ಣು ಸವೆಸುವವಳು ನಾನು. ಅಲ್ಲಿಂದ ಎರಡು ಅಗ್ಗದ ವೈಫೈ ಬೋರ್ಡು ತಂದೆ, ಬೆಂಕಿಪೊಟ್ಟಣದಷ್ಟು ಗಾತ್ರ. ಒಂದು ಅಲೆ ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಏನಾದರೂ ಮಿಸುಕಿದರೆ ಅಲೆ ಕದಡಿ, ನಾನು ಹೋದಲ್ಲೆಲ್ಲ ಒಯ್ಯುವ ಪುಟ್ಟ ದೀಪ ಹೊತ್ತಬೇಕು. ತೊಟ್ಟಿಲ ಆಚೆಗೊಂದು, ಈಚೆಗೊಂದು ಸ್ಟೂಲಿಟ್ಟು ಅವಕ್ಕೆ ಅಂಟಿಸಿದೆ.

ಮೊದಲ ದಿನ ಮಾನ ಹೋಯಿತು. ಫ್ಯಾನ್ ತಿರುಗಿದರೂ ದೀಪ, ಅತ್ತೆ ಮಗ್ಗುಲಾದರೂ ದೀಪ. ಓಡಿ ಓಡಿ ಸುಸ್ತಾದೆ.

"ಕಾವಲಿಟ್ಟಿದ್ದು ಮಗೂಗಾ, ನನಗಾ?" ಅತ್ತೆ ಕೇಳಿದರು.

"ಇಬ್ರಿಗೂ," ಎಂದೆ.

ಬೋರ್ಡುಗಳನ್ನು ತೊಟ್ಟಿಲಿಗೆ ಇನ್ನಷ್ಟು ಹತ್ತಿರ ಸರಿಸಿದೆ. ಫ್ಯಾನಿನ ಒಂದೇ ಸಮನಾದ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಪ್ರೋಗ್ರಾಮ್ ತಿದ್ದಿದೆ.

ಭಾನುವಾರ ಮಧ್ಯಾಹ್ನ ಅತ್ತೆ ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. "ಅದು ಅಳಲಿ. ನೀನು ಬರ್ತೀಯೋ ಇಲ್ವೋ ನೋಡೇಬಿಡ್ತೀನಿ."

"ಅಲ್ಲಾಡ್ಬೇಡಿ ಮತ್ತೆ."

"ಉಸಿರಾಡ್ಬಹುದಾ ತಾಯಿ?"

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ದೀಪ ಹೊತ್ತಿತು. ಒದ್ದೆ ಕೈಯಲ್ಲೇ ಓಡಿದೆ. ಮಗಳು ಹೊದಿಕೆಯನ್ನು ಒದ್ದು ಒದ್ದು ಕೆಳಗೆ ತಳ್ಳಿದ್ದಳು. ಬಾಯಿ ಆಗಷ್ಟೇ ಸೊಟ್ಟಗಾಗುತ್ತಿತ್ತು. ಎತ್ತಿಕೊಂಡೆ.

ಅತ್ತೆ ಕಣ್ಣರಳಿಸಿದರು. "ಇನ್ನೂ ಅಳೋಕೆ ಶುರುವೇ ಮಾಡಿರ್ಲಿಲ್ಲವಲ್ಲೇ!"

"ಅಳೋ ಮುಂಚೆ ಒದೀತಾಳೆ. ನೀವು ಅಳೋವರೆಗೂ ಕಾಯ್ತೀರಿ."

"ಕರೆಂಟ್ ಹೋದ್ರೆ?"

"ಬ್ಯಾಟರಿ ಇದೆ."

"ಅದೂ ಕೈ ಕೊಟ್ರೆ?"

"ನನ್ನ ಕೈ ಅವಳ ಎದೆ ಮೇಲಿರುತ್ತೆ. ಕಿವಿ ಇರೋರಿಗೂ ನಿದ್ದೆ ಬರುತ್ತಲ್ಲ ಅತ್ತೆ?"

ಅಷ್ಟರಲ್ಲಿ ಒಳಬಂದ ಗಂಡನ ತೋಳಿಗೆ ಮಗುವನ್ನು ಹಾಕಿ, ತೊಟ್ಟಿಲನ್ನು ನನ್ನ ಕೋಣೆಯತ್ತ ತಳ್ಳಿದೆ. ಬಾಗಿಲಲ್ಲಿ ನನ್ನವರು ಮಗುವನ್ನೆತ್ತಿಕೊಂಡೇ ಕಂಬದ ಹಾಗೆ ನಿಂತರು. "ಆತುರ ಯಾಕೆ? ನಾಳೆ ನಿಧಾನವಾಗಿ ಮಾತಾಡೋಣ ಕಣೇ."

"ನಿಮ್ಮ ಒಪ್ಪಿಗೆ ಬೇಡ. ದಾರಿ ಬಿಡಿ, ಸಾಕು."

ಬಿಟ್ಟರು. ಹೊಸ್ತಿಲಿಗೆ ಗಾಲಿ ಸಿಕ್ಕಿತು. ಒಬ್ಬಳೇ ಎತ್ತಿ ದಾಟಿಸಿ, ನನ್ನ ಮಂಚಕ್ಕೆ ತಾಗಿಸಿ ನಿಲ್ಲಿಸಿದೆ.

ಬೋರ್ಡು ತರಲು ಮರಳಿ ಹೋದರೆ, ಅತ್ತೆ ಆಗಲೇ ಎರಡನ್ನೂ ಕಿತ್ತು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಕೈ ಚಾಚಿದೆ. ಅವರು ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಅವರು ಮುಷ್ಟಿ ಬಿಚ್ಚುವವರೆಗೆ ನಾನು ಕೈ ಹಿಂದೆ ತೆಗೆಯಲಿಲ್ಲ.