ಖಾಲಿ ಲೈಬ್ರರಿಯ ಹಸಿರು

ನಮ್ಮ ಕಡೆ ಹಿರಿಯರ ಮುಂದೆ ಯಾರೂ "ಇಲ್ಲ" ಅನ್ನುವುದಿಲ್ಲ, "ಇನ್ನೂ ಇಲ್ಲ" ಅನ್ನುತ್ತಾರೆ. ಎಂಬತ್ತರ ಬ್ರಹ್ಮಚಾರಿಯನ್ನು ಮದುವೆಯಾಯಿತೇ ಎಂದು ಕೇಳಿನೋಡಿ, "ಇನ್ನೂ ಆಗಿಲ್ಲ" ಎನ್ನುತ್ತಾನೆ. ಈ ನಯವಂತಿಕೆ ಕಂಡರೆ ನನಗೆ ಮೈ ಉರಿಯುತ್ತದೆ.

ನಾವು ಬಂದರು ಕಚೇರಿಗಳಿಗೆ ಪ್ರೋಗ್ರಾಂ ಮಾಡಿಕೊಡುವವರು. ಫೆರ್ರಿ ಹಡಗಿನಲ್ಲಿ ಎಷ್ಟು ಲಾರಿ, ಎಷ್ಟು ಜನ, ಯಾವ ಕಡೆ ಎಷ್ಟು ಭಾರ ಎಂದು ತುಂಬಿದರೆ ಪರದೆಯ ಮೇಲೆ ಹಸಿರೋ ಕೆಂಪೋ ಬರಬೇಕು. ಹಸಿರು ಬಂದರೆ ಫೆರ್ರಿ ಹೊರಡಬಹುದು. ಆ ಲೆಕ್ಕ ಮಾತ್ರ ನಮ್ಮದಲ್ಲ. ಅದು ಹೊರಗಿನವರು ಬರೆದ ಲೈಬ್ರರಿ, ಬೇರೆಯೇ ಫೈಲು. ನಮ್ಮ ಪ್ರೋಗ್ರಾಂ ಓಡುವಾಗ ಅದನ್ನು ಹೆಸರು ಹಿಡಿದು ಕರೆದು ಉತ್ತರ ಕೇಳುತ್ತದೆ. ಎರಡನ್ನೂ ಜೋಡಿಸುವ ಕೆಲಸ ನನ್ನ ಜೊತೆಗಿನ ಹುಡುಗ ಸಪ್ತೋವಿನದು.

ಮಾಲೀಕರು ಪಾಕ್ ಹರ್ಸೋಯೊ, ಅಂದರೆ ಹರ್ಸೋಯೊ ಯಜಮಾನರು, ಬಂದಾಗಲೆಲ್ಲ ಕೇಳುತ್ತಿದ್ದರು. "ಲೈಬ್ರರಿ ಜೋಡಿಸಿದ್ಯೇನಪ್ಪಾ?"

"ಇನ್ನೂ ಇಲ್ಲ, ಪಾಕ್."

"ಹಾಗಾದ್ರೆ ಹಬ್ಬದೊಳಗೆ ಆಗುತ್ತೆ ಅನ್ನು!"

ಸಪ್ತೋ ತಲೆ ತಗ್ಗಿಸಿ ನಗುತ್ತಿದ್ದ. ಒಂದು ದಿನ ಪ್ರೋಗ್ರಾಂ ತಕರಾರಿಲ್ಲದೆ ಓಡಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ಅದು ಬಂದರು ಕಚೇರಿಗೂ ಹೋಯಿತು.

ರಂಜಾನ್ ಉಪವಾಸ ಮುಗಿಯುವ ಲೆಬರಾನ್ ಹಬ್ಬಕ್ಕೆ ಊರಿಗೆ ಹೋಗುವವರ ನೂಕುನುಗ್ಗಲಿನಲ್ಲಿ ನಾನು, ಸಪ್ತೋ ಬಂದರಿಗೆ ಹೋದೆವು. ಕಚೇರಿಯ ಇನ್ನೊಂದು ಕಂಪ್ಯೂಟರಿಗೂ ಪ್ರೋಗ್ರಾಂ ಹಾಕಿಕೊಡಬೇಕಿತ್ತು. ಅವನ ತಾಯಿ ಬು ಮುರ್ನಿ, ಅಂದರೆ ಮುರ್ನಿ ಅಮ್ಮ, ಅದೇ ಮಧ್ಯಾಹ್ನದ ಫೆರ್ರಿಗೆ ತವರಿಗೆ ಹೊರಟಿದ್ದರು. ಜನ ಹತ್ತುವುದನ್ನು ನೋಡಿ ಆಕೆ ಗಟ್ಟಿಯಾಗಿ ಮಗನ ತೋಳು ಹಿಡಿದುಕೊಂಡರು.

"ಇಷ್ಟೊಂದು ಜನ! ನಾಳೆ ಹೋದ್ರಾಯ್ತು ಬಿಡೋ."

"ಹಸಿರು ಬಂದಿದೆ ಅಮ್ಮಾ. ನಿನ್ನ ಮಗ ಮಾಡಿದ ಪ್ರೋಗ್ರಾಂ ಅದು."

ಆಕೆಯ ಮುಖ ಅರಳಿತು. "ಹಾಗಿದ್ರೆ ಸರಿ" ಎಂದು ಹತ್ತಿದರು.

ಫೆರ್ರಿ ಹೊರಟಿತು. ನಾನು ಪ್ರೋಗ್ರಾಂ ಹಾಕಿ, ಪರೀಕ್ಷೆಗೆಂದು ಲಾರಿಗಳನ್ನೆಲ್ಲ ಎಡಗಡೆಗೇ ತುಂಬಿಸಿದೆ. ಹಸಿರು. ಭಾರ ಹತ್ತು ಪಟ್ಟು ಮಾಡಿದೆ. ಆಗಲೂ ಹಸಿರು. ಲೈಬ್ರರಿಯ ಫೈಲು ಹುಡುಕಿದರೆ ಅದು ಅಂಗೈಯಷ್ಟೂ ಇಲ್ಲ. ಅಸಲಿಯದು ಆನೆಗಾತ್ರ.

"ಸಪ್ತೋ, ಏನೋ ಇದು?"

ಅವನು ಪರದೆ ನೋಡಿದ. "ಅಸಲಿ ಲೈಬ್ರರಿ ಜೋಡಿಸೋಕೇ ಆಗ್ಲಿಲ್ಲ, ಲಸ್ಮಿ ಅಕ್ಕಾ. ಅದೇ ಹೆಸರಲ್ಲಿ ಖಾಲಿ ಫೈಲ್ ಮಾಡಿ ಇಟ್ಟೆ. ಆಮೇಲೆ ಬದಲಾಯಿಸೋಣ ಅಂತ. ಎಲ್ಲಾ ಬೆನ್ನು ತಟ್ಟಿದ್ಮೇಲೆ ಹೇಳೋಕಾಗ್ಲಿಲ್ಲ, ಇಷ್ಟು ದಿನ ಏನೂ ಆಗ್ಲೂ ಇಲ್ಲ. ಅದು ಏನು ಕೇಳಿದ್ರೂ ಸೊನ್ನೆ ಅನ್ನುತ್ತೆ."

ಸೊನ್ನೆ ಎಂದರೆ ದೋಷವಿಲ್ಲ. ದೋಷವಿಲ್ಲ ಎಂದರೆ ಹಸಿರು.

"ಥೂ ನಿನ್ನ! ಆಗಿಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ?"

"ಇನ್ನೂ ಇಲ್ಲ ಅಂತ ಹೇಳ್ತಾನೇ ಇದ್ದೆನಲ್ಲಕ್ಕಾ."

ಪಕ್ಕದಲ್ಲೇ ಕೇಳಿಸಿಕೊಂಡ ಬಂದರಿನ ಅಧಿಕಾರಿ ಪಾಕ್ ಲಾಹಿಯಾ ವೈರ್‌ಲೆಸ್ ಎತ್ತಿಕೊಂಡು ಫೆರ್ರಿ ವಾಪಸು ತನ್ನಿ ಎಂದು ಕೂಗಿದರು. ಆ ಕಡೆ ಕ್ಯಾಪ್ಟನ್ ರೇಗಿದ. "ಹಸಿರು ಕೊಟ್ಟು ಕಳಿಸ್ದೋರು ನೀವೇ ತಾನೆ? ಇಲ್ಲಿ ಆಗ್ಲೇ ವಾಲ್ತಾ ಇದೆ, ಅಲೆ ಜೋರಾಗಿದೆ. ನೋಡ್ತೀನಿ, ನಿಧಾನಕ್ಕೆ ತಿರುಗಿಸ್ತೀನಿ." ಕಿಟಕಿಯಿಂದ ನೋಡಿದೆವು. ಬಿಳಿ ಫೆರ್ರಿ ಒಂದು ಮಗ್ಗುಲಿಗೆ ಭಾರ ಬಿಟ್ಟುಕೊಂಡು ತೇಲುತ್ತಿತ್ತು.

ಸಪ್ತೋ ತಾಯಿಗೆ ಫೋನು ಮಾಡಿದ. ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

"ಅಮ್ಮಾ, ಎಲ್ಲಿದ್ದೀಯ?"

"ಕೆಳಗಡೆ, ಲಾರಿ ಪಕ್ಕ. ಕೂರೋಕೆ ಒಳ್ಳೇ ಜಾಗ ಸಿಕ್ತು ಕಣೋ. ಎದ್ರೆ ಹೋಗುತ್ತೆ."

"ಸ್ವಲ್ಪ ಮೇಲೆ ಬಾಮ್ಮಾ. ಗಾಳಿ ಚೆನ್ನಾಗಿರುತ್ತೆ."

"ನಂಗ್ಯಾಕೋ ಗಾಳಿ?"

"ಏನಿಲ್ಲ, ಸುಮ್ನೆ."

ನನಗೆ ಪಿತ್ತ ನೆತ್ತಿಗೇರಿತು. ಫೋನು ಕಿತ್ತುಕೊಂಡೆ. "ಬು ಮುರ್ನಿ, ನಾನು ಲಸ್ಮಿ. ಲೆಕ್ಕ ಸುಳ್ಳಾಗಿದೆ. ಹಡಗು ವಾಲ್ತಾ ಇದೆ. ಚೀಲಗೀಲ ಬಿಟ್ಟು ಮೇಲೆ ಓಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಆಕೆ ನಕ್ಕರು. "ಹೆದರಿಸ್ಬೇಡ್ವೇ ಹುಡುಗಿ. ನನ್ನ ಮಗನೇ ಮಾಡಿದ್ದಂತೆ ಅದು. ಎಲ್ಲಿ, ಅವನಿಗೆ ಕೊಡು. ಸುಳ್ಳು ಅಂತ ಅವನು ಹೇಳ್ಲಿ, ಏಳ್ತೀನಿ."

ಫೋನನ್ನು ಅವನ ಬಾಯಿಗೆ ಹಿಡಿದೆ. "ಹೇಳೋ!" ಅವನು "ಅಮ್ಮಾ" ಎಂದ. ಮತ್ತೆ "ಅಮ್ಮಾ" ಎಂದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

"ಯಾಕೋ ಅಳ್ತಿದ್ದೀಯ? ತಲುಪಿದ ಮೇಲೆ ಫೋನ್ ಮಾಡ್ತೀನಿ, ಸುಮ್ನಿರು" ಎಂದರು ಬು ಮುರ್ನಿ. ಫೋನಿನಲ್ಲಿ ಲಾರಿಗಳ ಕಬ್ಬಿಣ ಜಾರಿದ ಸದ್ದಾಯಿತು. ಆಮೇಲೆ ತುಂಬ ಜನ ಒಟ್ಟಿಗೆ ಕಿರುಚಿದ್ದು ಕೇಳಿಸಿತು.

ಫೆರ್ರಿ ಮಗುಚಿತು. ಮೇಲಿನ ಅಂತಸ್ತಿನಲ್ಲಿದ್ದವರನ್ನು ಮೀನುಗಾರರು ದೋಣಿಗೆ ಎತ್ತಿಕೊಂಡರು. ಕೆಳಗೆ ಕೂತವರಲ್ಲಿ ಯಾರೂ ಬರಲಿಲ್ಲ.