ಹದಿನಾಲ್ಕು ದಿನದೊಳಗೆ

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಎಲ್ಲರೂ ಅವಳನ್ನು ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಆಳು ಸಣ್ಣ, ಮಾತು ಚೂಪು. ತುಟಿಯಲ್ಲಿ ಐದಾರು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಒಂದೂ ಬೀಳುತ್ತಿರಲಿಲ್ಲ. ದರ್ಜಿಯಾಗಿದ್ದ ಅಪ್ಪನಿಂದ ಬಂದ ವಿದ್ಯೆ ಅದು. ತಾಯಿಯಿಲ್ಲದ ಮಗಳನ್ನು ಅಪ್ಪ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡು ಬೆಳೆಸಿದ್ದ.

ಮದುವೆಯಾಗಿ ಗಂಡನ ಹಿಂದೆ ಈ ಪರದೇಶಕ್ಕೆ ಬಂದ ಮೇಲೆ ಮೂರು ವರ್ಷ ಅವಳು ಇದ್ದದ್ದು ಭಾವನ ಮನೆಯಲ್ಲಿ. ನಗರಸಭೆ ಕೊಟ್ಟ ಮನೆ, ನಾಲ್ಕನೆಯ ಮಹಡಿ, ಮೂರು ಕೋಣೆ. ಭಾವ, ಅಂದರೆ ಗಂಡನ ಅಣ್ಣ, ಔಷಧಿ ಉಗ್ರಾಣದಲ್ಲಿ ಮೇಸ್ತ್ರಿ. ಹೊರಗೆ ನಲವತ್ತು ಜನರ ಮೇಲೆ ಕೂಗಾಡುತ್ತಿದ್ದವನು ಮನೆಗೆ ಬಂದರೆ ಬಾಯಿದ್ದೂ ಮೂಗ. ಮನೆ ನಡೆಯುತ್ತಿದ್ದದ್ದು ಅವನ ಹೆಂಡತಿಯ ಕಣ್ಸನ್ನೆಯಲ್ಲಿ. ಗುಂಡುಸೂಜಿ ಆ ಓರಗಿತ್ತಿಯನ್ನು ಅಕ್ಕ ಎಂದು ಕರೆಯುತ್ತಿದ್ದಳು. ಕರೆದದ್ದಕ್ಕೆ ಸರಿಯಾಗಿ ದುಡಿದಳು ಕೂಡ. ಪಾತ್ರೆ, ಬಟ್ಟೆ, ನೆಲ, ಅಕ್ಕನ ಮಗಳ ಜಡೆ, ಪಾಠ, ಎಲ್ಲ ಅವಳ ಪಾಲಿಗೆ. ಜಡೆ ಮತ್ತು ಪಾಠ ಮಾತ್ರ ಅವಳಿಗೆ ಇಷ್ಟದ ಕೆಲಸಗಳು. ಆ ಹುಡುಗಿಗೆ ಚಿಕ್ಕಮ್ಮ ಎಂದರೆ ಪ್ರಾಣ.

ಗುಂಡುಸೂಜಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ದಿನ ಅಕ್ಕ ಊಟ ಮಾಡಲಿಲ್ಲ. ಎರಡು ತಿಂಗಳಲ್ಲಿ ಗಂಡ ಹೆಂಡತಿ ಆಸ್ಪತ್ರೆಯ ಪಕ್ಕದ ಬಸ್ ಡಿಪೋದ ಹತ್ತಿರ ಬೀಗ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಹಿಡಿದರು. ಗಂಡ ಅದೇ ಡಿಪೋದಲ್ಲಿ ಮೆಕಾನಿಕ್.

ಆ ದೇಶದಲ್ಲಿ ಹೊರಗಿನಿಂದ ಬಂದು ನೆಲೆಸಿದವರಿಗೆ ಒಂದು ಕಟ್ಟುನಿಟ್ಟಿನ ನಿಯಮ. ಮನೆ ಬದಲಿಸಿದರೆ ಹದಿನಾಲ್ಕು ದಿನದೊಳಗೆ ವಿಳಾಸ ಕಚೇರಿಗೆ ತಿಳಿಸಬೇಕು. ಹೋದವರು ಹೊಸ ವಿಳಾಸ ಬರೆದುಕೊಡಬೇಕು, ಹಳೆಯ ಮನೆಯ ಯಜಮಾನ 'ಇವರು ಬಿಟ್ಟುಹೋದರು' ಎಂದು ಸಹಿ ಹಾಕಬೇಕು. ಆಮೇಲೆ ವಾಸದ ಕಾರ್ಡಿಗೆ ಅಂಟಿಸುವ ಹೊಸ ಚೀಟಿ ಅಂಚೆಯಲ್ಲಿ ಬರುತ್ತದೆ, ತಿಂಗಳುಗಟ್ಟಲೆ ತಡವಾಗಿ.

ಗಂಟುಮೂಟೆ ಕಟ್ಟುವ ದಿನ ಅಕ್ಕ ತಾನಾಗಿಯೇ ಕೈ ಚಾಚಿದಳು. "ನಿಮ್ಮ ಕಾಗದಾನೂ ಇಲ್ಲೇ ಕೊಡು. ಕಚೇರಿ ನಮ್ಮ ಬೀದೀಲೇ ಇದೆ. ಇವರ ಸಹಿ ಹಾಕಿಸಿ ಎರಡೂ ಒಟ್ಟಿಗೆ ಕೊಟ್ಟು ಬರ್ತೀನಿ. ನಿಂಗೀಗ ರಜ ಎಲ್ಲಿ ಸಿಗತ್ತೆ?"

ಮುನಿಸು ಕರಗಿತು ಎಂದುಕೊಂಡಳು ಗುಂಡುಸೂಜಿ. ಹತ್ತು ದಿನ ಬಿಟ್ಟು ಫೋನು ಮಾಡಿದಾಗ, "ಅವತ್ತೇ ಕೊಟ್ಟಾಯ್ತು ಕಣೇ" ಎಂದಳು ಅಕ್ಕ. ಆ ಮಾತನ್ನು ನಂಬಿ ಏಳು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ, ಕೆಲಸ ಶುರುವಾದ ಅರ್ಧ ಗಂಟೆಗೆ ಊರಿನಿಂದ ಫೋನು ಬಂತು. ಅಪ್ಪ ಹೋಗಿದ್ದ. ಬಟ್ಟೆ ಕತ್ತರಿಸುತ್ತಿದ್ದ ಹಲಗೆಯ ಮೇಲೇ ತಲೆಯಿಟ್ಟು ಹೋಗಿದ್ದ. ಮಗಳು ಬರುವವರೆಗೆ ಎರಡು ದಿನ ಇಟ್ಟುಕೊಳ್ಳುತ್ತೇವೆ ಎಂದರು ಚಿಕ್ಕಪ್ಪ.

ದೇಶ ಬಿಟ್ಟು ಹೋಗಿ ಮರಳಿ ಬರಲು ಕಾರ್ಡಿನ ಮೇಲೆ ವಿಳಾಸ ಕಚೇರಿಯ ಮೊಹರು ಬೇಕು. ಗಂಡನ ಜೊತೆ ಓಡಿದಳು. ಕಿಟಕಿಯ ಹಿಂದಿನ ಗುಮಾಸ್ತ ಕಂಪ್ಯೂಟರ್ ಪರದೆ ನೋಡಿದ, ಕಾರ್ಡು ನೋಡಿದ, ಕೇಳಿದ: "ಈಗ ಎಲ್ಲಿ ವಾಸ?"

ಅವಳು ಹೊಸ ವಿಳಾಸ ಹೇಳಿದಳು.

"ನಮ್ಮಲ್ಲಿ ಹಾಗಿಲ್ಲ. ನಿಮ್ಮ ಕೆಲಸದ ವಿಳಾಸ ಡಿಪೋ ಕಡೆಯದು, ಮನೆ ಈ ಕಡೆಯದು. ಇದಕ್ಕೆ ವಿವರಣೆ ಕೇಳಿ ಎರಡು ಸಲ ರಿಜಿಸ್ಟರ್ ಪತ್ರ ಕಳಿಸಿದ್ದೇವೆ. ಎರಡನ್ನೂ ನೀವೇ ಸಹಿ ಮಾಡಿ ತೆಗೆದುಕೊಂಡಿದ್ದೀರಿ. ಉತ್ತರ ಕೊಟ್ಟಿಲ್ಲ."

ಆತ ಎರಡು ಸ್ವೀಕೃತಿ ಚೀಟಿಗಳನ್ನು ಗಾಜಿನ ಕೆಳಗಿಂದ ತಳ್ಳಿದ. ಕನ್ನಡದಲ್ಲಿ ಅವಳ ಹೆಸರಿತ್ತು. ಕೊನೆಯ ಅಕ್ಷರದ ಬಾಲ ಬೆಕ್ಕಿನ ಬಾಲದಂತೆ ಮೇಲಕ್ಕೆ ಸುತ್ತಿತ್ತು. ಮೂರು ವರ್ಷ ಅಕ್ಕ ಬರೆದ ಸಾಮಾನಿನ ಪಟ್ಟಿ ಹಿಡಿದು ಅಂಗಡಿಗೆ ಹೋದವಳಿಗೆ ಆ ಬಾಲ ಯಾರದೆಂದು ಬೇರೆ ಹೇಳಬೇಕೆ?

"ಇದು ನಿಮ್ಮ ಸಹಿ ತಾನೇ?"

ಪಕ್ಕದಲ್ಲಿದ್ದ ಗಂಡ ಅವಳ ಪಾದದ ಮೇಲೆ ಪಾದವಿಟ್ಟ. "ಅಣ್ಣನ ಮನೆ ಕಣೇ," ಎಂದ ಮೆಲ್ಲಗೆ. "ಇಲ್ಲ ಅಂದ್ರೆ ಅವರನ್ನ ಪೊಲೀಸರು ಕರೀತಾರೆ."

"ಹೌದು, ನಂದೇ," ಎಂದಳು ಗುಂಡುಸೂಜಿ.

ಕಾರ್ಡನ್ನು ವಿಚಾರಣೆಗೆ ಇಟ್ಟುಕೊಂಡರು. ನಲವತ್ತು ದಿನ. ಅಪ್ಪನ ಮುಖವನ್ನು ಅವಳು ಕಡೆಯ ಸಲ ನೋಡಿದ್ದು ಚಿಕ್ಕಪ್ಪನ ಮಗ ಹಿಡಿದ ಫೋನಿನಲ್ಲಿ. ಅಪ್ಪನ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಯಾರದೋ ಬೆನ್ನು.

ಎರಡನೆಯ ವಾರ ಅಕ್ಕ ಮಾತಾಡಿಸಲು ಬಂದಳು. ಗುಂಡುಸೂಜಿ ನೇರವಾಗಿ ಕೇಳಿದಳು.

"ಅಯ್ಯೋ, ಆ ಕಾಗದ, ಪತ್ರ ಎಲ್ಲಾನಾ? ಎಲ್ಲೋ ಡ್ರಾಯರಿಗೆ ಹಾಕಿದ್ದೆ, ಮರೆತೇಹೋಯ್ತು ನೋಡು," ಎಂದಳು ಅಕ್ಕ. ಕೂತಲ್ಲೇ ಕೋಣೆಯನ್ನೆಲ್ಲ ಅಳೆಯುತ್ತ ಮುಂದುವರಿಸಿದಳು: "ನಮ್ಮ ಮನೇಲೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ? ಹೋಗ್ಲಿ ಬಿಡು. ನೀನು ಹೋಗಿದ್ರೆ ನಿಮ್ಮಪ್ಪ ಎದ್ದು ಕೂತ್ಕೋತಿದ್ರಾ?"

ಗುಂಡುಸೂಜಿ ಟೀ ಸೋಸಿ ಕೊಟ್ಟಳು. ಅಕ್ಕ ಕುಡಿದ ಲೋಟವನ್ನು ಆಮೇಲೆ ಕಸಕ್ಕೆ ಹಾಕಿದಳು.

ಕಾರ್ಡು ವಾಪಸು ಬಂದ ದಿನ ಕಚೇರಿಯಿಂದ ನಿಯಮಗಳ ಕಿರುಪುಸ್ತಕವನ್ನೂ ತಂದಳು. ನಲವತ್ತಾರು ಪುಟ. ಅಲ್ಲಿಯವರೆಗೆ ಆ ದೇಶದ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದದ್ದು ದಾರ, ಗುಂಡಿ, ಬಸ್ಸು, ಸಾಕು, ಬೇಡ. ನಿಘಂಟು ಇಟ್ಟುಕೊಂಡು ದಿನಕ್ಕೆ ಅರ್ಧ ಪುಟ ಓದಿದಳು. "ಹಾಸಿಗೇಲಿ ನಮ್ಮಿಬ್ಬರ ಮಧ್ಯೆ ಸರ್ಕಾರ ಮಲಗತ್ತೆ," ಎಂದು ಗಂಡ ಡಿಪೋದಲ್ಲಿ ಹೇಳಿ ನಗಿಸುತ್ತಿದ್ದ. ಮೂವತ್ತೆಂಟನೆಯ ಪುಟಕ್ಕೆ ಬರುವಾಗ ಎರಡೂವರೆ ತಿಂಗಳಾಗಿತ್ತು. ಅಲ್ಲಿ ಬರೆದಿತ್ತು: ಹತ್ತಿರದ ರಕ್ತಸಂಬಂಧಿ ತೀರಿಕೊಂಡರೆ ಅಥವಾ ಹಾಸಿಗೆ ಹಿಡಿದರೆ, ತಡೆಹಿಡಿದ ಕಾರ್ಡನ್ನು ಅರ್ಜಿ ಕೊಟ್ಟ ದಿನವೇ ಬಿಡಬಹುದು. ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆ ಸಾಲನ್ನು ಅವಳು ಬೆರಳಿಟ್ಟು ಮೂರು ಸಲ ಓದಿ, ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದಾಗ ಅಳು ಮುಗಿದಿತ್ತು. ಉಳಿದದ್ದು ಹಗೆ.

ಪುಸ್ತಕ ಬಾಯಿಪಾಠವಾಯಿತು. ಊರ ಕಡೆಯವರು ಒಬ್ಬೊಬ್ಬರಾಗಿ ಅರ್ಜಿ ಹಿಡಿದು ಬರತೊಡಗಿದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹೊಲಿಗೆ ಕೋಣೆಯ ಕಿಟಕಿಯ ಬಳಿ ಕೂತು ಬರೆದುಕೊಡುತ್ತಿದ್ದಳು. ಪೆನ್ನು ಕೈಗೆತ್ತಿಕೊಳ್ಳುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ: "ಕಾಗದದಲ್ಲಿ ಯಾರಿದಾರೆ ಅನ್ನೋದು ಬೇಡ. ಮನೇಲಿ ನಿಜವಾಗಿ ಯಾರ್ಯಾರು ಇದೀರ, ಅದನ್ನ ಹೇಳಿ." ತಪ್ಪಿದ್ದವರಿಗೆ ಬೈದು, ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಬರೆಯುತ್ತಿದ್ದಳು. ಅವಳ ಕೈಯ ಅರ್ಜಿ ತಿರುಗಿ ಬರುವುದಿಲ್ಲ ಎಂದು ಹೆಸರಾಯಿತು.

ಅಕ್ಕನ ಜೊತೆ ಹೋಗಿ ಬರುವುದನ್ನು ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸುದ್ದಿ ಸಿಗುವುದಿಲ್ಲವಲ್ಲ. ಅಕ್ಕನ ಮಗಳು ನರ್ಸಿಂಗ್ ಕಲಿಯಲು ರೈಲಿನಲ್ಲಿ ಮೂರು ಗಂಟೆ ದೂರದ ಊರಿನ ಹಾಸ್ಟೆಲಿಗೆ ಹೋದಳು. ಮೂರು ಕೋಣೆಯ ಮನೆ ಉಳಿಯಬೇಕಾದರೆ ಮೂರು ಜನ ಇರಬೇಕು. ಹಾಗಾಗಿ ಅಕ್ಕ ಮಗಳ ವಿಳಾಸ ಬದಲಿಸಲಿಲ್ಲ. ಗುಂಡುಸೂಜಿ ಅದನ್ನು ಕೇಳಿಸಿಕೊಂಡು, "ಒಳ್ಳೇದಾಯ್ತು ಬಿಡಿ ಅಕ್ಕ" ಎಂದಳು. ನರ್ಸಿಂಗ್ ಶಾಲೆಗಳು ಹಾಸ್ಟೆಲಿನ ಪಟ್ಟಿಯನ್ನು ತಾವೇ ವಿಳಾಸ ಕಚೇರಿಗೆ ಕಳಿಸುತ್ತವೆ ಎಂಬುದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅವಳಿಗೆ ಗೊತ್ತಿತ್ತು. ಆ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ, ನೋಡಲು ಒಂದು ನೆಪ ಬೇಕು ಎಂಬುದೂ ಗೊತ್ತಿತ್ತು.

ಅಪ್ಪ ಹೋದ ನಾಲ್ಕನೆಯ ವರ್ಷ ಆ ನೆಪ ತಾನಾಗಿ ಮೆಟ್ಟಿಲು ಹತ್ತಿ ಬಂತು. ಅಕ್ಕ, ಭಾವ ಖಾಯಂ ವಾಸಕ್ಕೆ ಅರ್ಜಿ ಹಾಕುವವರಿದ್ದರು.

"ನಿನ್ನ ಕೈಗುಣ ಚೆನ್ನಾಗಿದೆ ಅಂತಾರೆ ಎಲ್ಲರೂ," ಎಂದು ಅಕ್ಕ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟಳು. "ಬೇರೆಯವರ ಹತ್ರ ಯಾಕೆ ಹೋಗ್ಲಿ? ಮನೆಯವಳೇ ಇರುವಾಗ."

ಖಾಯಂ ವಾಸದ ಅರ್ಜಿ ಬಂದರೆ ಕಚೇರಿಯವರು ಮನೆಯ ಪ್ರತಿಯೊಬ್ಬರ ಹೆಸರನ್ನೂ ಎಲ್ಲ ಪಟ್ಟಿಗಳಲ್ಲಿ ಹುಡುಕುತ್ತಾರೆ. ಮೂವತ್ತೊಂದನೆಯ ಪುಟ. ಅದೇ ಪುಟದ ಕೆಳಗೆ ಇನ್ನೊಂದು ಸಾಲಿತ್ತು: ಇಪ್ಪತ್ತೊಂದು ತುಂಬದ ಮಕ್ಕಳ ವಿಳಾಸ ತಪ್ಪಾಗಿದ್ದರೆ ಹೊಣೆ ತಂದೆ ತಾಯಿಯದು, ಮಕ್ಕಳದಲ್ಲ. ಹುಡುಗಿಗೆ ಆಗ ಹತ್ತೊಂಬತ್ತು. ಗುಂಡುಸೂಜಿ ಕಪಾಟಿನ ಹತ್ತಿರ ಹೋಗಿ ಆ ಸಾಲನ್ನು ಮತ್ತೊಮ್ಮೆ ನೋಡಿಕೊಂಡು ಬಂದು ಪೆನ್ನು ತೆಗೆದಳು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅಕ್ಕನಿಗೆ ಕೇಳಲಿಲ್ಲ.

"ಮನೇಲಿ ಎಷ್ಟು ಜನ ಅಂತ ಬರೀಲಿ ಅಕ್ಕ?"

"ಮೂರು. ಅದರಲ್ಲೇನಿದೆ?"

ಮೂರು ಎಂದು ಬರೆದಳು. ಅಕ್ಷರ ಮುತ್ತಿನ ಹಾಗೆ ಬಂದವು. "ಓದಿ ಹೇಳ್ಲಾ?" ಎಂದು ಕೇಳಿದಳು.

"ನೀನು ಬರೆದ ಮೇಲೆ ಓದೋದೇನು ಬಂತು?"

'ಮೇಲೆ ಬರೆದದ್ದೆಲ್ಲ ನಿಜ' ಎಂಬ ಸಾಲಿನ ಕೆಳಗೆ ಅಕ್ಕ ಸಹಿ ಹಾಕಿದಳು, ಬಾಲ ತಿರುಗಿಸಿ.

ಆರು ವಾರ ಏನೂ ಆಗಲಿಲ್ಲ. ಆಮೇಲೆ ಒಂದೇ ದಿನ ಮೂರು ಪತ್ರ ಬಂದವು. ಸುಳ್ಳು ಹೇಳಿಕೆಗಾಗಿ ಅರ್ಜಿ ತಿರಸ್ಕೃತ, ಐದು ವರ್ಷ ಮತ್ತೆ ಹಾಕುವಂತಿಲ್ಲ. ಗಂಡ ಹೆಂಡತಿಯ ಕಾರ್ಡು ವಿಚಾರಣೆಗೆ. ನಗರಸಭೆಯ ಮನೆಯನ್ನು ಎರಡು ತಿಂಗಳಲ್ಲಿ ಬಿಟ್ಟು ಒಂದು ಕೋಣೆಯ ಮನೆಗೆ ಹೋಗಬೇಕು. ಸುದ್ದಿ ಕೇಳಿದ ದಿನ ಗುಂಡುಸೂಜಿ ಹೊಲಿಗೆ ಕೋಣೆಯಲ್ಲಿ ಹಾಡು ಗುನುಗಿದಳು. ಜೊತೆಯವರು ಮುಖ ಮುಖ ನೋಡಿಕೊಂಡರು, ಅವಳು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಅಕ್ಕ ಬಂದದ್ದು ಇನ್ನೊಂದು ವಾರಕ್ಕೆ. ಮುಖ ಇಳಿದುಹೋಗಿತ್ತು. ಜಗಳಕ್ಕೆ ಬಂದಿರಲಿಲ್ಲ. ಊರಿನಲ್ಲಿ ಅವಳ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ಹಾಸಿಗೆ ಹಿಡಿದಿದ್ದರು.

"ಕಾರ್ಡು ಬಿಡಿಸೋಕೆ ಏನಾದ್ರೂ ದಾರಿ ಇದ್ಯಾ ನೋಡೇ. ನಿಂಗೆ ಗೊತ್ತಿಲ್ಲದ ನಿಯಮ ಇಲ್ಲ ಅಂತಾರೆ. ಅಮ್ಮ ನನ್ನ ಹೆಸರೇ ಹಿಡಿದು ಕರೀತಿದಾರಂತೆ."

ಅಪ್ಪನ ಬಗ್ಗೆ ಅಕ್ಕ ಆಡಿದ್ದ ಮಾತನ್ನೇ ತಿರುಗಿಸಿ ಆಡಬೇಕೆಂದು ಗುಂಡುಸೂಜಿ ನಾಲ್ಕು ವರ್ಷ ನಾಲಗೆ ಮಸೆದಿದ್ದಳು. ಅಕ್ಕನ ಕಣ್ಣು ನೋಡಿದಾಗ ಅದು ಬಾಯಿಗೆ ಬರಲಿಲ್ಲ. ಬಂದದ್ದು ಅದಕ್ಕಿಂತ ತಣ್ಣಗಿನದು.

"ನಲವತ್ತು ದಿನ ಆಗತ್ತೆ ಅಕ್ಕ. ನಂಗೆ ಗೊತ್ತಲ್ಲ."

ಮೂವತ್ತೆಂಟನೆಯ ಪುಟ ಎರಡು ಮಾರು ದೂರದ ಕಪಾಟಿನಲ್ಲಿತ್ತು. ಅಕ್ಕ ಕೈಚೀಲ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ಎಲ್ಲ ಅರ್ಥವಾಯಿತು ಎಂದು ಕಾಣುತ್ತದೆ.

"ಅವತ್ತು ಅರ್ಜಿ ಬರೆಯುವಾಗಲೇ ಗೊತ್ತಿತ್ತಾ ನಿಂಗೆ?"

"ನೀವು ಹೇಳಿದ್ದನ್ನೇ ಬರೆದೆ."

ಅಕ್ಕ ಎದ್ದು ಹೋದಳು. ನಲವತ್ತೊಂದನೆಯ ದಿನ ಊರಿಗೆ ಹೊರಟಳು. ತಾಯಿ ಬದುಕಿದ್ದರು. ಆದರೆ ಅಷ್ಟು ಹೊತ್ತಿಗೆ ಅವರು ಯಾರನ್ನೂ ಕರೆಯುವುದನ್ನು ಬಿಟ್ಟಿದ್ದರು, ಮಗಳನ್ನು ಮನೆಗೆಲಸದವಳು ಎಂದುಕೊಂಡರಂತೆ.

ಹುಡುಗಿಗೆ ಪುಸ್ತಕ ಹೇಳಿದಂತೆ ಏನೂ ಆಗಲಿಲ್ಲ. ಆದರೆ ಪುಸ್ತಕದಲ್ಲಿಲ್ಲದ್ದೊಂದು ಆಯಿತು. ಅವಳನ್ನು ಕಚೇರಿಗೆ ಕರೆಸಿ, ಅಮ್ಮ ಬರೆಸಿದ್ದು ಸುಳ್ಳು ಎಂದು ಅವಳ ಬಾಯಿಂದಲೇ ಹೇಳಿಸಿ ಬರೆದುಕೊಂಡರು. ಅದೇ ಸಂಜೆ ಅವಳ ಫೋನು ಬಂತು.

"ಚಿಕ್ಕಮ್ಮ, ಅಪ್ಪ ಹೇಳ್ತಿದಾರೆ, ಅರ್ಜಿ ಬರೆದದ್ದು ನೀನೇ ಅಂತೆ. ಹೌದಾ?"

"ಹೌದು ಪುಟ್ಟಿ."

"ಒಂದು ಮಾತು ಹೇಳಿದ್ರೆ ಸಾಕಿತ್ತು ಅಲ್ವಾ?"

"ಸಾಕಿತ್ತು."

ಆ ಕಡೆ ಫೋನು ಕಟ್ಟಾಯಿತು. ಅವಳು ಮತ್ತೆ ಫೋನು ಮಾಡಲಿಲ್ಲ. ಗುಂಡುಸೂಜಿ ಮಾಡಿದರೆ ಎತ್ತಲಿಲ್ಲ.

ಗಂಡನಿಗೆ ಮೂವತ್ತೆಂಟನೆಯ ಪುಟದ ವಿಷಯ ಗೊತ್ತಾದಾಗ ಅವನು ಕೂಗಾಡಲಿಲ್ಲ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಊಟಕ್ಕೆ ಕೂತಾಗ ಕೇಳಿದ: "ಈಗ ಸಮಾಧಾನಾನಾ?"

"ನನ್ನ ಕಾಲು ತುಳಿದು ಸುಳ್ಳು ಹೇಳಿಸಿದ ದಿನ ನಿಮಗೆ ಸಮಾಧಾನ ಆಗಿತ್ತಾ?" ಎಂದಳು ಅವಳು. "ಊಟ ಮಾಡಿ."

ಅವನು ತಲೆ ತಗ್ಗಿಸಿ ಊಟ ಮಾಡಿದ.

ಭಾವನ ಮನೆಯ ಸಾಮಾನು ಊರ ಇನ್ನೊಂದು ತುದಿಯ ಒಂದು ಕೋಣೆಗೆ ಹೋಯಿತು. ಒಂದು ವಾರದ ಮೇಲೆ ಗುಂಡುಸೂಜಿ, ಹೊಸದಾಗಿ ಬಂದ ಒಬ್ಬ ಅಡಿಗೆಯವಳ ಕಾಗದ ಕೊಡಿಸಲು ವಿಳಾಸ ಕಚೇರಿಗೆ ಹೋಗಿದ್ದಳು. ಗೋಡೆಗೆ ಅಂಟಿಸಿದ ಬರೆಯುವ ಹಲಗೆಯ ಮುಂದೆ ಅಕ್ಕ ನಿಂತಿದ್ದಳು, ಒಬ್ಬಳೇ. ಬೇರೆ ಯಾರ ಕೈಯಲ್ಲೂ ಬರೆಸದೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಮಾದರಿ ನೋಡಿ ನೋಡಿ ಒಂದೊಂದೇ ಅಕ್ಷರ ಬರೆಯುತ್ತಿದ್ದಳು. ಹಿಂದಿನಿಂದ ಹಾದುಹೋಗುವಾಗ ಗುಂಡುಸೂಜಿಗೆ ಕಂಡಿತು: ಹೊಸ ವಿಳಾಸವನ್ನು ಹಳೆಯದರ ಜಾಗದಲ್ಲಿ, ಹಳೆಯದನ್ನು ಹೊಸದರ ಜಾಗದಲ್ಲಿ ಬರೆದಿದ್ದಾಳೆ. ಕಿಟಕಿಗೆ ಹೋದರೆ ತಿರುಗಿಸಿ ಕಳಿಸುತ್ತಾರೆ, ಮತ್ತೆ ಸಾಲಿನ ಕೊನೆಗೆ.

ಕಾಲು ಒಂದು ಗಳಿಗೆ ನಿಂತಿತು. ಅಕ್ಕ ತಲೆ ಎತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಚೀಟಿ ನಂಬರು ಕರೀತಿದಾರೆ," ಎಂದಳು ಅಡಿಗೆಯವಳು ತೋಳು ಜಗ್ಗಿ.

"ಬಾ," ಎಂದು ಗುಂಡುಸೂಜಿ ಮುಂದೆ ನಡೆದಳು.

ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತಾಗ ಗಾಜಿನ ಬಾಗಿಲಾಚೆ ಅಕ್ಕ ಸಾಲಿನಲ್ಲಿ ಇಂಚಿಂಚು ಮುಂದೆ ಸರಿಯುವುದು ಕಾಣುತ್ತಿತ್ತು, ಮುಂದೆ ಹನ್ನೊಂದು ಜನ. ಬಸ್ಸು ಬಂತು. ಗುಂಡುಸೂಜಿ ಅಡಿಗೆಯವಳನ್ನು ಹತ್ತಿಸಿ, ತಾನು ಹತ್ತದೆ ಅಲ್ಲೇ ನಿಂತಳು. ಅಕ್ಕ ಕಿಟಕಿಯವರೆಗೆ ಹೋಗುವುದನ್ನೂ, ಗುಮಾಸ್ತ ತಲೆಯಾಡಿಸಿ ಕಾಗದ ಹಿಂದಕ್ಕೆ ತಳ್ಳುವುದನ್ನೂ ಪೂರ್ತಿ ನೋಡಿ, ಮುಂದಿನ ಬಸ್ಸಿಗೆ ಕೆಲಸಕ್ಕೆ ಹೋದಳು.